ಪೆರೋಟಿಡ್ ಆಪರೇಷನ್‌ನಲ್ಲಿ ನರ್ವ್ ಮಾನಿಟರ್: ಮಷಿನ್ ಸುಮ್ಮನಿದ್ದರೆ ನಂಬಬಹುದೇ?

ಮುಂಬೈ, ಪುಣೆ, ಗೋವಾದ ಓಟಿಗಳಲ್ಲಿ, ಅಂದರೆ ಆಪರೇಷನ್ ಥಿಯೇಟರುಗಳಲ್ಲಿ, ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಕಾರವಾರದ ಕಡೆಯಿಂದ ಬಂದ ಓಟಿ ಟೆಕ್ನಿಷಿಯನ್‌ಗಳು, ಸಿಸ್ಟರ್‌ಗಳು, ಇಎನ್‌ಟಿ ಪಿಜಿ ಮಾಡುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: 'ಪೆರೋಟಿಡ್ ಕೇಸಿಗೆ ಮಾನಿಟರ್ ಹಾಕಿದ್ದೆವು. ಆಪರೇಷನ್ ಮುಗಿಯುವ ತನಕ ಒಂದು ಸದ್ದೂ ಬರಲಿಲ್ಲ. ರೋಗಿ ಎದ್ದಾಗ ಬಾಯಿ ಸೊಟ್ಟ. ಮಷಿನ್ ಕೆಟ್ಟಿತ್ತಾ?'

ಪೆರೋಟಿಡ್ ಎಂಬ ಜೊಲ್ಲುಗ್ರಂಥಿಯ ಗಡ್ಡೆ ತೆಗೆಯುವಾಗ ಮುಖದ ನರದ ಬಗ್ಗೆ ಸದ್ದು ಮಾಡಿ ಎಚ್ಚರಿಸುವ ಮಷಿನ್ ಈ ನರ್ವ್ ಮಾನಿಟರ್. ಬಹಳಷ್ಟು ಸಲ ಮಷಿನ್ ಕೆಟ್ಟಿರುವುದಿಲ್ಲ. ನರದಿಂದ ಸ್ಪೀಕರ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ, ಅದನ್ನು ಯಾರೂ ನೋಡಿರುವುದಿಲ್ಲ. ಮಾನಿಟರ್ ಸುಮ್ಮನಿರುವುದಕ್ಕೆ ಎರಡು ಅರ್ಥ: ನರಕ್ಕೆ ಯಾರೂ ತೊಂದರೆ ಕೊಡುತ್ತಿಲ್ಲ, ಇಲ್ಲವೇ ಮಾನಿಟರ್‌ಗೆ ಏನೂ ಕೇಳಿಸುತ್ತಿಲ್ಲ. ಪರದೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಗೊತ್ತಾಗುವುದು ಮೊದಲೇ ಮಾಡಿಟ್ಟ ತಪಾಸಣೆಯಿಂದ ಮಾತ್ರ. ಆ ತಪಾಸಣೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದೆ. ನಿಮ್ಮ ಸರ್ಜನ್ ಮತ್ತು ಅನಸ್ತೇಷಿಯಾ ಡಾಕ್ಟರ ನಿರ್ಧಾರ, ಆಸ್ಪತ್ರೆಯ ಪ್ರೋಟೋಕಾಲ್, ಮಷಿನ್ನಿನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ನರ ಎಲ್ಲಿದೆ, ಮಷಿನ್ ಏನು ಮಾಡುತ್ತದೆ

ಪೆರೋಟಿಡ್ ಎಂದರೆ ಕಿವಿಯ ಮುಂದೆ ಮತ್ತು ಕೆಳಗೆ ಇರುವ, ಜೊಲ್ಲುಗ್ರಂಥಿಗಳಲ್ಲಿ ಅತಿ ದೊಡ್ಡದು. ಜೊಲ್ಲುಗ್ರಂಥಿಯ ಗಡ್ಡೆಗಳಲ್ಲಿ ಸುಮಾರು ನೂರಕ್ಕೆ 80 ಇಲ್ಲೇ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲದವು. ಮುಖದ ನರ, ಅಂದರೆ ತಲೆಬುರುಡೆಯಿಂದ ಬರುವ 7ನೆಯ ನರ, ಕಿವಿಯ ಹಿಂದಿನ ಎಲುಬಿನ ಬುಡದ ಸಣ್ಣ ರಂಧ್ರದಿಂದ ಹೊರಬಂದು ನೇರ ಈ ಗ್ರಂಥಿಯೊಳಕ್ಕೆ ನುಗ್ಗುತ್ತದೆ. ಒಳಗೆ ಮೊದಲು ಎರಡಾಗಿ, ಆಮೇಲೆ ಐದು ಕವಲಾಗಿ ಒಡೆಯುತ್ತದೆ: ಹಣೆಗೆ, ಕಣ್ಣಿನ ಸುತ್ತಿಗೆ, ಕೆನ್ನೆ ಮತ್ತು ಮೇಲ್ತುಟಿಗೆ, ಕೆಳತುಟಿಗೆ, ಕುತ್ತಿಗೆಗೆ. ಗಡ್ಡೆ ತೆಗೆಯುವುದೆಂದರೆ ಈ ಕವಲುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋಗುವುದು.

ಮಾನಿಟರ್ ನರವನ್ನು ನೋಡುವುದಿಲ್ಲ, ಸ್ನಾಯುವನ್ನು ಕೇಳಿಸಿಕೊಳ್ಳುತ್ತದೆ. ಮುಖದ ಸ್ನಾಯುಗಳಲ್ಲಿ ಚುಚ್ಚಿದ ಸೂಜಿಗಳು ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಹಿಡಿದು ಸದ್ದು ಮತ್ತು ಅಲೆಯಾಗಿ ತೋರಿಸುತ್ತವೆ. ಇದಕ್ಕೆ ಇಎಂಜಿ ಎನ್ನುತ್ತಾರೆ. ಸರ್ಜನ್ ಕೈಯಲ್ಲಿರುವ ಪ್ರೋಬ್, ಅಂದರೆ ತುದಿಯಲ್ಲಿ ಸಣ್ಣ ಕರೆಂಟ್ ಬಿಡುವ ಕಡ್ಡಿ, ನರಕ್ಕೆ ತಾಗಿದರೆ ಸ್ನಾಯು ಮಿಡಿಯುತ್ತದೆ, ಮಷಿನ್ ಸದ್ದು ಮಾಡುತ್ತದೆ. ಪ್ರೋಬ್, ನರ, ನರ ಸ್ನಾಯು ಸೇರುವ ಜಾಗ, ಸ್ನಾಯು, ಸೂಜಿ, ವೈರು, ಮಷಿನ್: ಏಳರಲ್ಲಿ ಒಂದು ಕೈಕೊಟ್ಟರೂ ಸದ್ದಿಲ್ಲ.

ಇದರಿಂದ ನಿಜವಾಗಿ ಉಪಯೋಗ ಇದೆಯೇ ಎಂದೂ ಹಲವರು ಕೇಳುತ್ತಾರೆ. 2015ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯ ಪ್ರಕಾರ, ಮಾನಿಟರ್ ಬಳಸಿದವರಲ್ಲಿ ಆಪರೇಷನ್ ಆದ ಕೂಡಲೇ ಕಾಣುವ ತಾತ್ಕಾಲಿಕ ದೌರ್ಬಲ್ಯ ಕಡಿಮೆ ಇತ್ತು. ಶಾಶ್ವತ ದೌರ್ಬಲ್ಯ ಕಡಿಮೆಯಾಗುತ್ತದೆಂದು ಅದರಲ್ಲಿ ಖಚಿತವಾಗಲಿಲ್ಲ. ಹಾಗಾಗಿ ಮಾನಿಟರ್ ಇಲ್ಲದೆ ಪೆರೋಟಿಡ್ ಮಾಡುವುದು ತಪ್ಪು ಎನ್ನಲಾಗದು. ಆದರೆ ಎರಡನೇ ಸಲದ ಆಪರೇಷನ್, ದೊಡ್ಡ ಗಡ್ಡೆ, ನರದ ಕೆಳಗಿನ ಆಳದ ಭಾಗದ ಗಡ್ಡೆ, ಹಳೆಯ ಸೋಂಕಿನಿಂದ ಅಂಟಿಕೊಂಡ ಗ್ರಂಥಿ ಇದ್ದಾಗ ಅದನ್ನು ಬಿಟ್ಟು ಕೈಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ.

ಬೇಕಾಗುವ ಸಾಮಾನು

ಮಾನಿಟರ್ ಮತ್ತು ವೈರುಗಳು ಕೂಡುವ ಪೆಟ್ಟಿಗೆ. ಜೋಡಿ ಸೂಜಿ ಎಲೆಕ್ಟ್ರೋಡ್ 2 ಅಥವಾ 4 ಸೆಟ್. ಒಂಟಿ ಸೂಜಿ 2: ಒಂದು ಗ್ರೌಂಡ್‌ಗೆ, ಇನ್ನೊಂದು ಪ್ರೋಬ್‌ನ ಕರೆಂಟ್ ಮರಳಿ ಹೋಗುವ ದಾರಿಗೆ, ಇದನ್ನು ರಿಟರ್ನ್ ಎನ್ನುತ್ತಾರೆ. ಸ್ಟೆರೈಲ್ ಪ್ರೋಬ್. ಕಾಟರಿ, ಅಂದರೆ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಮಷಿನ್, ಅದರ ವೈರಿಗೆ ಹಾಕುವ ಮ್ಯೂಟ್ ಕ್ಲಿಪ್. ಪಾರದರ್ಶಕ ಅಂಟುಪಟ್ಟಿ, ಪಾರದರ್ಶಕ ಡ್ರೇಪ್, ಅಂದರೆ ಆಪರೇಷನ್ನಿಗೆ ಮೈಮೇಲೆ ಹೊದಿಸುವ ಹಾಳೆ. ಅನಸ್ತೇಷಿಯಾದವರ ಬಳಿ ಟಿಒಎಫ್ ಮಷಿನ್. ಇದು ಒಂದು ನರಕ್ಕೆ ಸಾಲಾಗಿ ನಾಲ್ಕು ಸಲ ಕರೆಂಟ್ ಕೊಟ್ಟು, ಸ್ನಾಯು ಎಷ್ಟು ಸಲ ಮಿಡಿಯಿತೆಂದು ನೋಡಿ, ಸ್ನಾಯು ಸಡಿಲಿಸುವ ಔಷಧದ ಪರಿಣಾಮ ಎಷ್ಟು ಉಳಿದಿದೆ ಎಂದು ಅಳೆಯುತ್ತದೆ.

ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಮಾನಿಟರ್ ಬಾಡಿಗೆಗೆ ಬರುತ್ತದೆ. ಮುಂಬೈ ಪುಣೆಯ ಟ್ರಾಫಿಕ್ಕಿನಲ್ಲಿ ಅದು ಬರುವಷ್ಟರಲ್ಲಿ ರೋಗಿ ಟೇಬಲ್ ಮೇಲೆ ಇರುತ್ತಾರೆ, ಪೆಟ್ಟಿಗೆ ಬಿಚ್ಚಿದರೆ ಮ್ಯೂಟ್ ಕ್ಲಿಪ್ ಇರುವುದಿಲ್ಲ, ಅಥವಾ ಪ್ರೋಬ್ ಬೇರೆ ಕಂಪನಿಯದು, ಪಿನ್ ಕೂಡುವುದಿಲ್ಲ. ಹಿಂದಿನ ದಿನ ಸಂಜೆಯೇ ಫೋನ್ ಮಾಡಿ ಪ್ರತಿ ಭಾಗದ ಫೋಟೋ ತರಿಸಿಕೊಳ್ಳಿ, ಸೂಜಿ ಮತ್ತು ಪ್ರೋಬ್‌ನ ಎಕ್ಸ್‌ಪೈರಿ ನೋಡಿ. ಮಳೆಗಾಲದಲ್ಲಿ, ಅದರಲ್ಲೂ ಗೋವಾ ಮತ್ತು ಮುಂಬೈಯಲ್ಲಿ, ವೈರಿನ ಪಿನ್ನುಗಳಿಗೆ ತೇವ ಹಿಡಿದು ಹಸಿರು ಕಿಲುಬು ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕಿಲುಬು ಹೋಗದಿದ್ದರೆ ಆ ವೈರ್ ಬದಲಾಯಿಸಿ.

ಸೂಜಿ ಎಲೆಕ್ಟ್ರೋಡ್ ಒಂದೇ ಸಲ ಬಳಸುವಂಥದ್ದು. ತೊಳೆದು, ಇಟಿಒ ಗ್ಯಾಸಿನಲ್ಲಿ ಸ್ಟೆರೈಲ್ ಮಾಡಿ ಮತ್ತೆ ಬಳಸುವ ಪದ್ಧತಿಗೆ ಒಪ್ಪಬೇಡಿ. ಸೋಂಕಿನ ಭಯ ಒಂದು ಕಡೆ. ಎರಡನೇ ಸಲಕ್ಕೆ ಸೂಜಿಯ ಬುಡದಲ್ಲಿ ವೈರ್ ಒಳಗೊಳಗೇ ಮುರಿದಿರುತ್ತದೆ, ಹೊರಗೆ ಏನೂ ಕಾಣದು.

ಹಂತ 1: ಹಿಂದಿನ ದಿನ ಮುಖ ನೋಡಿ

ಆಪರೇಷನ್ನಿಗೆ ಮೊದಲೇ ಮುಖದಲ್ಲಿ ದೌರ್ಬಲ್ಯ ಇತ್ತೇ ಎಂದು ಗೊತ್ತಿಲ್ಲದೆ, ನಂತರದ್ದನ್ನು ಅಳೆಯಲಾಗದು. ರೋಗಿಯನ್ನು ಬೆಳಕಿಗೆ ಕೂರಿಸಿ, ಐದು ಕೆಲಸ ಮಾಡಿಸಿ: ಹುಬ್ಬು ಮೇಲೆತ್ತುವುದು, ಕಣ್ಣು ಮೆಲ್ಲಗೆ ಮುಚ್ಚುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಹಲ್ಲು ತೋರಿಸುವುದು, ಗಲ್ಲ ಉಬ್ಬಿಸುವುದು. ರೋಗಿಗೆ ಮರಾಠಿ ಮಾತ್ರ ಬಂದರೆ ಇಷ್ಟು ಸಾಕು: 'ಭುವಯಾ ವರ ಕರಾ', 'ಡೋಳೆ ಹಳೂ ಮಿಟಾ', 'ಡೋಳೆ ಘಟ್ಟ ಮಿಟಾ', 'ದಾತ ದಾಖವಾ', 'ಗಾಲ ಫುಗವಾ'. ಸನ್ನೆ ಮಾಡಿ ತೋರಿಸಿದರೆ ರೋಗಿ ನಿಮ್ಮನ್ನು ನೋಡಿ ಅನುಕರಿಸುತ್ತಾರೆ, ಆಗ ಎಷ್ಟು ಬಲ ಹಾಕುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಬಾಯಲ್ಲಿ ಹೇಳಿ ಮಾಡಿಸುವುದೇ ಮೇಲು.

ಒಪ್ಪಿಗೆ ಪಡೆದು ಪ್ರತಿಯೊಂದರ ಫೋಟೋ ತೆಗೆದು ಕೇಸ್ ಪೇಪರಿಗೆ ಸೇರಿಸಿ. ದರ್ಜೆ ಬರೆಯಲು ಹೌಸ್-ಬ್ರಾಕ್ಮನ್ ಅಳತೆ ಬಳಕೆಯಲ್ಲಿದೆ: 1 ಎಂದರೆ ಸರಿಯಾಗಿದೆ, 6 ಎಂದರೆ ಪೂರ್ತಿ ಅಲುಗಾಟ ಇಲ್ಲ. ಆದರೆ ಅದು ಇಡೀ ಮುಖಕ್ಕೆ ಒಂದೇ ಅಂಕ ಕೊಡುತ್ತದೆ; ಪೆರೋಟಿಡ್‌ನಲ್ಲಿ ಒಂದೇ ಕವಲು ಸೋಲುವುದು ಸಾಮಾನ್ಯ. ಆದ್ದರಿಂದ ಅಂಕದ ಜೊತೆಗೆ ಹಣೆ, ಕಣ್ಣು, ಮೇಲ್ತುಟಿ, ಕೆಳತುಟಿ ಎಂದು ಬೇರೆ ಬೇರೆ ಬರೆಯಿರಿ. ಮೊದಲೇ ಮುಖ ಸೊಟ್ಟ ಇದ್ದರೆ ಸರ್ಜನ್‌ಗೆ ತಕ್ಷಣ ಹೇಳಿ. ಪೆರೋಟಿಡ್ ಗಡ್ಡೆಯ ಜೊತೆ ಮುಖದ ದೌರ್ಬಲ್ಯ ಇದ್ದರೆ ಕ್ಯಾನ್ಸರ್ ಇರಬಹುದೆಂಬ ಅನುಮಾನ ಬರುತ್ತದೆ, ಆಪರೇಷನ್ನಿನ ಯೋಜನೆಯೇ ಬದಲಾಗಬಹುದು.

ಹಂತ 2: ಅನಸ್ತೇಷಿಯಾ ಡಾಕ್ಟರ ಜೊತೆ ಮಾತು

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಇಲ್ಲಿ. ರಿಲ್ಯಾಕ್ಸೆಂಟ್, ಅಂದರೆ ಸ್ನಾಯು ಸಡಿಲಿಸುವ ಔಷಧ, ನರ ಮತ್ತು ಸ್ನಾಯು ಸೇರುವ ಜಾಗದಲ್ಲೇ ಸಂದೇಶವನ್ನು ತಡೆಯುತ್ತದೆ. ನರ ಗಟ್ಟಿಯಾಗಿದ್ದರೂ, ಪ್ರೋಬ್ ಸರಿಯಾಗಿದ್ದರೂ ಸ್ನಾಯು ಮಿಡಿಯುವುದಿಲ್ಲ.

ಉಸಿರಾಟದ ಟ್ಯೂಬ್ ಹಾಕಲು ಒಂದು ಡೋಸ್ ಬೇಕಾಗುತ್ತದೆ, ಅದಕ್ಕೆ ತೊಂದರೆ ಇಲ್ಲ. ರೋಕುರೋನಿಯಂ ಕೆಜಿಗೆ 0.6 ಮಿಲಿಗ್ರಾಂ ಕೊಟ್ಟರೆ ಸುಮಾರು 30–40 ನಿಮಿಷ ಗಾಢ ಪರಿಣಾಮ ಇರುತ್ತದೆ, ಪೂರ್ತಿ ಇಳಿಯಲು ಇನ್ನೂ ಹೊತ್ತು ಬೇಕು. ಸಕ್ಸಿನಿಲ್‌ಕೋಲಿನ್ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಎರಡನೇ ಡೋಸ್ ಬೇಡ, ಡ್ರಿಪ್‌ನಲ್ಲೂ ಬೇಡ. ರೋಗಿ ಅಲುಗದಂತೆ ಇರಿಸಲು ಪ್ರೊಪೊಫಾಲ್, ಫೆಂಟಾನಿಲ್ ಅಥವಾ ರೆಮಿಫೆಂಟಾನಿಲ್, ಸೆವೊಫ್ಲುರೇನ್ ಸಾಕಾಗುತ್ತವೆ, ಅವು ಈ ಮಾನಿಟರಿಂಗ್‌ಗೆ ಅಡ್ಡಿಯಲ್ಲ.

ಬೇಗ ಇಳಿಸಬೇಕಾದರೆ ರೋಕುರೋನಿಯಂ, ವೆಕುರೋನಿಯಂಗೆ ಸುಗಮಡೆಕ್ಸ್ ಇದೆ. ಟಿಒಎಫ್‌ನಲ್ಲಿ 2 ಮಿಡಿತ ಬಂದ ಮೇಲಾದರೆ ಕೆಜಿಗೆ 2 ಮಿಲಿಗ್ರಾಂ ವಾಡಿಕೆಯ ಡೋಸ್. ಅಟ್ರಾಕ್ಯುರಿಯಂ ಕೊಟ್ಟಿದ್ದರೆ ಸುಗಮಡೆಕ್ಸ್ ಕೆಲಸ ಮಾಡುವುದಿಲ್ಲ, ನಿಯೋಸ್ಟಿಗ್ಮಿನ್ ಜೊತೆ ಗ್ಲೈಕೊಪೈರೊಲೇಟ್ ಬೇಕು. ಈ ನಿರ್ಧಾರ ಅನಸ್ತೇಷಿಯಾ ಡಾಕ್ಟರದು. ನಿಮ್ಮ ಕೆಲಸ ಕೇಸಿನ ಮೊದಲೇ 'ಇವತ್ತು ನರ್ವ್ ಮಾನಿಟರ್ ಇದೆ' ಎಂದು ಬಾಯಿಬಿಟ್ಟು ಹೇಳುವುದು, ಕೊಟ್ಟ ಔಷಧ ಮತ್ತು ಗಂಟೆಯನ್ನು ಬೋರ್ಡ್ ಮೇಲೆ ಬರೆಯುವುದು. ಮಧ್ಯದಲ್ಲಿ ಅನಸ್ತೇಷಿಯಾದವರು ಬದಲಾದರೆ ಮತ್ತೊಮ್ಮೆ ಹೇಳಿ. ಹೊಸದಾಗಿ ಬಂದವರು ರೋಗಿ ಸ್ವಲ್ಪ ಅಲುಗಿದ್ದು ಕಂಡು ಅಭ್ಯಾಸಬಲದಿಂದ ಒಂದು ಸಿಸಿ ರಿಲ್ಯಾಕ್ಸೆಂಟ್ ಕೊಟ್ಟುಬಿಡುತ್ತಾರೆ. ಅದು ಇಳಿಯುವ ತನಕ ಮಾನಿಟರ್ ಕಿವುಡು.

ಗಾಯದ ಗೆರೆಗೆ ಹಾಕುವ ಇಂಜೆಕ್ಷನ್ ಬಗ್ಗೆಯೂ ಕೇಳಿ. ರಕ್ತ ಕಡಿಮೆ ಬರಲೆಂದು 2 ಲಕ್ಷಕ್ಕೆ 1ರ ಅಡ್ರಿನಲಿನ್ ಚರ್ಮದಡಿ ಹಾಕುವುದು ಸರಿ. ಅದರಲ್ಲಿ ಲಿಗ್ನೋಕೇನ್ ಸೇರಿದ್ದು ಆಳಕ್ಕೆ, ಕಿವಿಯ ಕೆಳಗಿನ ನರದ ಕಾಂಡದ ಹತ್ತಿರ ಇಳಿದರೆ ನರವೇ ಜೋಮು ಹಿಡಿಯುತ್ತದೆ. ಟ್ರಾಲಿಯ ಬಟ್ಟಲಿಗೆ ಏನು ಹಾಕಿದ್ದೀರಿ ಎಂದು ಲೇಬಲ್ ಅಂಟಿಸಿ.

ಹಂತ 3: ಸೂಜಿ ಚುಚ್ಚುವುದು

ರೋಗಿ ನಿದ್ದೆಗೆ ಹೋಗಿ, ಟ್ಯೂಬ್ ಕಟ್ಟಿದ ಮೇಲೆ, ಚರ್ಮಕ್ಕೆ ಬೀಟಾಡಿನ್ ಹಚ್ಚುವ ಮೊದಲು. ಟ್ಯೂಬನ್ನು ಆಪರೇಷನ್ ಇಲ್ಲದ ಬದಿಯ ಬಾಯಿಮೂಲೆಗೆ ಕಟ್ಟಿಸಿ, ಇಲ್ಲದಿದ್ದರೆ ಪ್ಲಾಸ್ಟರ್ ಸೂಜಿಯ ಜಾಗಕ್ಕೇ ಬರುತ್ತದೆ. ಸ್ಪಿರಿಟ್ಟಿನಿಂದ ಚರ್ಮ ಒರೆಸಿ, ಆರಲು ಬಿಡಿ.

ಒಂದು ಜೋಡಿ ಸೂಜಿಗೆ ಪರದೆಯಲ್ಲಿ ಒಂದು ಚಾನೆಲ್. ನಾಲ್ಕು ಚಾನೆಲ್ ಇದ್ದರೆ ಜಾಗಗಳು ಹೀಗೆ. ಹಣೆಗೆ: ಹುಬ್ಬಿನ ಮೇಲೆ ಸುಮಾರು 1 ಸೆಂಟಿಮೀಟರ್. ಕಣ್ಣಿಗೆ: ಹೊರ ಮೂಲೆಯ ಪಕ್ಕದಲ್ಲಿ. ಮೇಲ್ತುಟಿಗೆ: ಬಾಯಿಮೂಲೆಯ ಸ್ವಲ್ಪ ಮೇಲೆ. ಕೆಳತುಟಿ ಮತ್ತು ಗದ್ದಕ್ಕೆ: ಬಾಯಿಮೂಲೆಯ ಕೆಳಗೆ, ಗದ್ದದ ಕಡೆಗೆ. ಎರಡೇ ಚಾನೆಲ್ ಇದ್ದರೆ ಕಣ್ಣು ಮತ್ತು ಬಾಯಿ. ಆಗ ಕೆಳತುಟಿಯ ಕವಲಿನ ಸುಳಿವು ಸಿಗದೇ ಹೋಗಬಹುದು ಎಂಬುದು ಸರ್ಜನ್‌ಗೆ ಗೊತ್ತಿರಲಿ. ತೆಳ್ಳಗಿನ ಈ ಕವಲು ಸುಲಭವಾಗಿ ನೋಯುವಂಥದ್ದು, ನಾನಾದರೆ ಎರಡು ಚಾನೆಲ್ಲಿಗೆ ತೃಪ್ತನಾಗುವುದಿಲ್ಲ.

ಜೋಡಿಯ ಎರಡು ಸೂಜಿಗಳು ಒಂದಕ್ಕೊಂದು ಸಮಾನಾಂತರ, ನಡುವೆ ಸುಮಾರು 5 ಮಿಲಿಮೀಟರ್. ಚರ್ಮವನ್ನು ಚಿವುಟಿ ಹಿಡಿದು, ಸುಮಾರು 30 ಡಿಗ್ರಿ ಓರೆಯಾಗಿ ತಳ್ಳಿ. ತೀರಾ ಮೇಲೆ ಹೋದರೆ ಚರ್ಮದ ಕೆಳಗೆ ಸೂಜಿಯ ಏಣು ಕಾಣುತ್ತದೆ, ಸ್ನಾಯುವಿಗೆ ಮುಟ್ಟಿರುವುದಿಲ್ಲ. ಮೊನೆಗಳು ಒಳಗೆ ಒಂದಕ್ಕೊಂದು ತಾಗಿದರೆ ಎರಡರ ವ್ಯತ್ಯಾಸವೇ ಇಲ್ಲದಂತಾಗಿ ಸಿಗ್ನಲ್ ಸಿಗುವುದಿಲ್ಲ, ಇಂಪಿಡೆನ್ಸ್ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಈ ತಪ್ಪು ಮಷಿನ್ ತೋರಿಸದು, ಕಣ್ಣಲ್ಲೇ ಹಿಡಿಯಬೇಕು.

ಕಣ್ಣಿನ ಸೂಜಿಯ ಮೊನೆ ಯಾವ ಕಾರಣಕ್ಕೂ ಗುಡ್ಡೆಯ ಕಡೆ ಇರಬಾರದು. ಅಂಚಿಗೆ ಸಮವಾಗಿ ಇಲ್ಲವೇ ಹೊರಗೆ ಮುಖಮಾಡಿರಲಿ. ಮೊದಲು ಕಣ್ಣಿಗೆ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಪಾರದರ್ಶಕ ಪಟ್ಟಿ ಅಂಟಿಸಿ. ಗ್ರೌಂಡ್ ಮತ್ತು ರಿಟರ್ನ್ ಸೂಜಿಗಳು ಎದೆಮೂಳೆಯ ಮೇಲೆ ಅಥವಾ ಭುಜಕ್ಕೆ, ಒಂದರಿಂದೊಂದು ಕೆಲವು ಸೆಂಟಿಮೀಟರ್ ದೂರ. ಪ್ರತಿ ವೈರಿಗೂ ಒಂದು ಸಣ್ಣ ಸುತ್ತು ಬಿಟ್ಟು ಅಂಟಿಸಿ, ಯಾರಾದರೂ ಎಳೆದರೆ ಸುತ್ತು ಬಿಚ್ಚಲಿ, ಸೂಜಿ ಕೀಳದಿರಲಿ. ಚುಚ್ಚಿದ ಸೂಜಿಗಳ ಲೆಕ್ಕ ಬೋರ್ಡಿಗೆ ಬರೆಯಿರಿ: 4 ಜೋಡಿ ಮತ್ತು 2 ಒಂಟಿ ಆದರೆ ಒಟ್ಟು 10.

ಹಂತ 4: ವೈರು, ಕಾಟರಿ, ಡ್ರೇಪ್

ಮಾನಿಟರ್ ವೈರುಗಳು ಒಂದು ಬದಿಯಿಂದ, ಕಾಟರಿ ವೈರ್ ಇನ್ನೊಂದು ಬದಿಯಿಂದ ಹೋಗಲಿ. ಎರಡನ್ನೂ ಒಟ್ಟಿಗೆ ಸುತ್ತಿ ಡ್ರೇಪಿಗೆ ಕ್ಲಿಪ್ ಹಾಕಬೇಡಿ. ಕಾಟರಿ ಪ್ಲೇಟ್ ತೊಡೆಗೆ, ಪೂರ್ತಿ ಅಂಟಿರಬೇಕು. ಪ್ಲೇಟ್ ಅರ್ಧ ಎದ್ದಿದ್ದರೆ ಮಾನೊಪೋಲಾರ್ ಕರೆಂಟ್, ಅಂದರೆ ಕಾಟರಿ ತುದಿಯಿಂದ ಹೊರಟು ಪ್ಲೇಟಿನ ಮೂಲಕ ಮರಳಬೇಕಾದ ಕರೆಂಟ್, ಮುಖದ ಸೂಜಿಗಳ ದಾರಿ ಹಿಡಿದು ಸೂಜಿ ಜಾಗದಲ್ಲಿ ಚರ್ಮ ಸುಡಬಹುದು.

ಮಾನಿಟರ್‌ಗೆ ಗೋಡೆಯ ಬೇರೆ ಸಾಕೆಟ್ ಕೊಡಿ. ವಾರ್ಮರ್, ಮೈಕ್ರೋಸ್ಕೋಪ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ಎಲ್ಲ ಚಾನೆಲ್‌ನಲ್ಲೂ ಬರುತ್ತದೆ. ಬಂದರೆ ಒಂದೊಂದೇ ಉಪಕರಣ ಆರಿಸಿ ಕಳ್ಳನನ್ನು ಹಿಡಿಯಿರಿ. ಒಂದೇ ಚಾನೆಲ್‌ನಲ್ಲಿ ಗುಂಯ್‌ಗುಟ್ಟಿದರೆ ಆ ಸೂಜಿಯೇ ಸಡಿಲ.

ಮ್ಯೂಟ್ ಕ್ಲಿಪ್ಪನ್ನು ಕಾಟರಿ ಮಷಿನ್ ಹತ್ತಿರ, ವೈರಿನ ಮೇಲೆ ಹಾಕಿ. ಮಾನೊಪೋಲಾರ್ ಮತ್ತು ಬೈಪೋಲಾರ್ (ಚಿಮುಟದ ಎರಡು ತುದಿಗಳ ನಡುವೆ ಮಾತ್ರ ಕರೆಂಟ್ ಹರಿಯುವಂಥದ್ದು) ಎರಡರದ್ದೂ ವೈರ್ ಅದರಲ್ಲಿ ಹಾದುಹೋಗಲಿ. ಇದು ಕಾಟರಿ ಒತ್ತಿದಾಗ ಮಾನಿಟರ್‌ನ ಕರ್ಕಶ ಸದ್ದನ್ನು ಮುಚ್ಚುತ್ತದೆ. ಇದರ ಇನ್ನೊಂದು ಮುಖವನ್ನು ಮರೆಯುವವರೇ ಹೆಚ್ಚು: ಕಾಟರಿ ಒತ್ತಿದಷ್ಟು ಹೊತ್ತು ಮಾನಿಟರ್ ಕಿವುಡು. ನರದ ಪಕ್ಕದಲ್ಲೇ ಬಿಸಿ ತಾಗುತ್ತಿದ್ದರೂ ಅದೇ ಕ್ಷಣದಲ್ಲಿ ಎಚ್ಚರಿಕೆ ಬರದು. ಕಾಟರಿ ಬಿಟ್ಟ ಕೂಡಲೇ ಬರುವ ಸದ್ದನ್ನು ಗಮನಿಸಿ ಹೇಳುವುದು ನಿಮ್ಮ ಹೊಣೆ.

ಡ್ರೇಪ್ ಹಾಕುವಾಗ ಆ ಬದಿಯ ಹಣೆ, ಕಣ್ಣು, ಬಾಯಿಮೂಲೆ ಪಾರದರ್ಶಕ ಹಾಳೆಯಡಿ ಕಾಣುವಂತಿರಲಿ. ಮಷಿನ್ ಕೈಕೊಟ್ಟರೂ ಬಾಯಿಮೂಲೆ ಮಿಡಿದದ್ದು ಕಣ್ಣಿಗೆ ಕಾಣುತ್ತದೆ. ಹಸಿರು ಬಟ್ಟೆ ಮುಚ್ಚಿ ಮುಖ ಮರೆಮಾಡಿದರೆ ಆ ಆಸರೆಯೂ ಹೋಯಿತು.

ಹಂತ 5: ಗೆರೆ ಎಳೆಯುವ ಮೊದಲಿನ ತಪಾಸಣೆ

ಇಂಪಿಡೆನ್ಸ್ ನೋಡಿ. ಇದು ಸೂಜಿ ಮತ್ತು ದೇಹದ ನಡುವಿನ ವಿದ್ಯುತ್ ಅಡೆತಡೆ. ಪ್ರತಿ ಸೂಜಿ 5 ಕಿಲೋಓಮ್‌ಗಿಂತ ಕಡಿಮೆ, ಜೋಡಿಯ ಎರಡರ ನಡುವಿನ ವ್ಯತ್ಯಾಸ 1 ಕಿಲೋಓಮ್ ಒಳಗೆ ಇರಲಿ. ಹೆಚ್ಚಿದ್ದರೆ ಪಿನ್ ಒತ್ತಿ, ಆಮೇಲೆ ಸೂಜಿ ಬದಲಾಯಿಸಿ.

ನಂತರ ಟ್ಯಾಪ್ ಟೆಸ್ಟ್: ಸೂಜಿಯ ಪಕ್ಕದ ಚರ್ಮವನ್ನು ಬೆರಳಿನಿಂದ ತಟ್ಟಿ, ಯಾವ ಚಾನೆಲ್ ಮಿಡಿಯುತ್ತದೆ ನೋಡಿ. ಹಣೆ ತಟ್ಟಿದಾಗ ಬಾಯಿಯ ಚಾನೆಲ್ ಮಿಡಿದರೆ ವೈರ್ ಅದಲುಬದಲಾಗಿದೆ, ಈಗಲೇ ಸರಿಮಾಡಿ. ಟ್ಯಾಪ್ ಟೆಸ್ಟ್ ಸರಿ ಬಂತೆಂದು ನೆಮ್ಮದಿ ಬೇಡ. ಅದು ಸೂಜಿಯಿಂದ ಸ್ಪೀಕರ್‌ವರೆಗಿನ ದಾರಿಯನ್ನಷ್ಟೇ ತೋರಿಸುತ್ತದೆ. ರೋಗಿಗೆ ಪೂರ್ತಿ ರಿಲ್ಯಾಕ್ಸೆಂಟ್ ಇದ್ದರೂ, ಪ್ರೋಬ್ ಸಿಕ್ಕಿಸದೇ ಇದ್ದರೂ ಟ್ಯಾಪ್ ಟೆಸ್ಟ್ ಪಾಸ್.

ಸೆಟ್ಟಿಂಗ್: ಎಚ್ಚರಿಕೆಯ ಮಿತಿ 100 ಮೈಕ್ರೋವೋಲ್ಟ್ ಸಾಮಾನ್ಯ ಆರಂಭ. ಕರೆಂಟ್ ಮಿಡಿತದ ಅಗಲ 100 ಮೈಕ್ರೋಸೆಕೆಂಡ್, ಸೆಕೆಂಡಿಗೆ 4 ಮಿಡಿತ ಎಂದು ಹಲವು ಮಷಿನ್‌ಗಳಲ್ಲಿ ಇರುತ್ತದೆ. ಗದ್ದಲ ಜಾಸ್ತಿ ಎಂದು ಮಿತಿಯನ್ನು ಏರಿಸುತ್ತ ಹೋಗಬೇಡಿ. ಗದ್ದಲದ ಕಾರಣ ಹುಡುಕಿ. ಅನಸ್ತೇಷಿಯಾ ಹಗುರವಾಗಿ ರೋಗಿ ಮುಖ ಕಿವುಚುತ್ತಿದ್ದರೂ ಎಲ್ಲ ಚಾನೆಲ್ ಒಟ್ಟಿಗೆ ಗಲಾಟೆ ಮಾಡುತ್ತವೆ.

ಕೊನೆಗೆ ಟಿಒಎಫ್. ನಾಲ್ಕಕ್ಕೆ ನಾಲ್ಕು ಮಿಡಿತ ಬರಬೇಕು, ಅನುಪಾತ, ಅಂದರೆ ಮೊದಲ ಮಿಡಿತಕ್ಕೆ ಹೋಲಿಸಿದರೆ ನಾಲ್ಕನೆಯದರ ಬಲ, 0.9 ದಾಟಿದ್ದರೆ ಅತ್ಯುತ್ತಮ. ನರ ಹುಡುಕಲು ಶುರುಮಾಡುವ ಮುಂಚೆ ಇದನ್ನು ಮತ್ತೊಮ್ಮೆ ಕೇಳಿ ಗಟ್ಟಿಯಾಗಿ ಹೇಳಿ.

ಹಂತ 6: ನರ ಹುಡುಕುವಾಗ

ಪ್ರೋಬ್ ಕೈಗೆ ಕೊಟ್ಟ ಕೂಡಲೇ ಸರ್ಜನ್ ಅದನ್ನು ಗಾಯದ ಯಾವುದಾದರೂ ತೇವದ ಅಂಗಾಂಶಕ್ಕೆ ತಾಗಿಸಲಿ. ಮಷಿನ್ ಹೊಂದಿಸಿದ ಕರೆಂಟ್ ಮತ್ತು ನಿಜಕ್ಕೂ ಹರಿದ ಕರೆಂಟ್ ಎರಡನ್ನೂ ತೋರಿಸುತ್ತದೆ. 1 ಮಿಲಿಆಂಪಿಯರ್ ಹೊಂದಿಸಿ 1 ಹರಿದರೆ ಸರಿ. ಸೊನ್ನೆ ತೋರಿಸಿದರೆ ರಿಟರ್ನ್ ಸೂಜಿ ಕಿತ್ತಿದೆ ಅಥವಾ ಪ್ರೋಬ್ ವೈರ್ ಬಿಟ್ಟಿದೆ.

ಹುಡುಕಲು ಸಾಮಾನ್ಯವಾಗಿ 1 ಮಿಲಿಆಂಪಿಯರ್, ನರ ಕಂಡ ಮೇಲೆ 0.5ಕ್ಕೆ ಇಳಿಸುವುದು ವಾಡಿಕೆ. ಹೆಚ್ಚು ಕರೆಂಟ್ ಇಟ್ಟರೆ ಅದು ಪಕ್ಕಕ್ಕೆ ಹರಡಿ, ನರ ಕೆಲವು ಮಿಲಿಮೀಟರ್ ದೂರ ಇದ್ದಾಗಲೇ ಸದ್ದು ಬರುತ್ತದೆ. ನರ ಇಲ್ಲೇ ಇದೆ ಎಂದು ತಪ್ಪು ತಿಳಿಯಬಹುದು. ರಕ್ತ, ಸಲೈನ್ ತುಂಬಿದ್ದರೆ ತದ್ವಿರುದ್ಧ: ಕರೆಂಟ್ ನೀರಿನಲ್ಲೇ ಹರಿದುಹೋಗಿ ನರದ ಮೇಲಿಟ್ಟರೂ ಸದ್ದಿಲ್ಲ. ಮೊದಲು ಸಕ್ಷನ್, ಆಮೇಲೆ ಪ್ರೋಬ್.

ನರ ಹುಡುಕುವುದು ಕಣ್ಣಿನ ಕೆಲಸ. ಕಿವಿಯ ಮೃದ್ವಸ್ಥಿಯ ಚೂಪು ತುದಿಯಿಂದ ಸುಮಾರು 1 ಸೆಂಟಿಮೀಟರ್ ಒಳಗೆ ಮತ್ತು ಕೆಳಗೆ, ಡೈಗ್ಯಾಸ್ಟ್ರಿಕ್ ಸ್ನಾಯು ಎಲುಬಿಗೆ ಅಂಟುವ ಮಟ್ಟದಲ್ಲಿ, ಕಿವಿಯ ಎಲುಬಿನ ಸಂದಿಯಿಂದ 6–8 ಮಿಲಿಮೀಟರ್ ಆಳದಲ್ಲಿ ಕಾಂಡ ಸಿಗುತ್ತದೆ ಎಂಬ ಗುರುತುಗಳೇ ಮೊದಲು. ಪ್ರೋಬ್ ಅದನ್ನು ಖಚಿತ ಮಾಡುತ್ತದೆ. ಪ್ರೋಬ್ ಸುಮ್ಮನಿದೆ ಎಂಬ ಒಂದೇ ಕಾರಣಕ್ಕೆ ಬಿಳಿಯ ಎಳೆಯನ್ನು ಯಾರೂ ಕತ್ತರಿಸಬಾರದು.

ಈಗ ಕಿವಿಯ ಕೆಲಸ. ಪ್ರೋಬ್ ನರಕ್ಕೆ ತಾಗಿದರೆ ಸೆಕೆಂಡಿಗೆ ನಾಲ್ಕರಂತೆ ಟಕ್ ಟಕ್ ಟಕ್ ಟಕ್, ಗಡಿಯಾರದಷ್ಟು ಸಮ. ಪ್ರೋಬ್ ಇಲ್ಲದಾಗ ಒಂದೇ ಸಲ 'ಪಟ್' ಎಂದರೆ ನರದ ಹತ್ತಿರ ಏನೋ ತಾಗಿತು, ಇದಕ್ಕೆ ಬರ್ಸ್ಟ್ ಎನ್ನುತ್ತಾರೆ. ಅರಳು ಹುರಿಯುವಾಗ ಸಿಡಿದಂತೆ ಪಟಪಟ ಎಂದು ಸೆಕೆಂಡುಗಟ್ಟಲೆ ನಿಲ್ಲದೆ ಬಂದರೆ ಅದು ಟ್ರೇನ್: ನರ ಎಳೆತಕ್ಕೋ ಬಿಸಿಗೋ ಸಿಕ್ಕಿದೆ. ಹೇಳಿ, ಹಿಂಜರಿಯಬೇಡಿ. ಗಾಯವನ್ನು ಎಳೆದು ಹಿಡಿಯುವ ರಿಟ್ರಾಕ್ಟರ್ ಸಡಿಲಿಸಿ, ಕೈ ನಿಲ್ಲಿಸಿ, ಬೆಚ್ಚಗಿನ ಸಲೈನ್ ಹಾಕಿ, ಸದ್ದು ತಣಿಯುವವರೆಗೆ ಕಾಯುವುದು ರೂಢಿ. ತಣ್ಣಗಿನ ಸಲೈನ್ ಹಾಕಿದರೂ ಇದೇ ಸದ್ದು ಬರುತ್ತದೆ, ಆದ್ದರಿಂದ ಬಾಟಲಿ ಮೊದಲೇ ಬೆಚ್ಚಗೆ ಮಾಡಿಟ್ಟುಕೊಳ್ಳಿ.

ಮೋಸದ ಸದ್ದುಗಳೂ ಇವೆ. ಎರಡು ಲೋಹದ ಉಪಕರಣ ಗಾಯದೊಳಗೆ ತಾಗಿದರೆ ಚಟ್ ಎನ್ನುತ್ತದೆ. ಅಗಿಯುವ ಸ್ನಾಯುವನ್ನು ಪ್ರೋಬ್ ಮಿಡಿಸಿದರೆ ಅದರ ಸಿಗ್ನಲ್ ಬಾಯಿಯ ಚಾನೆಲ್‌ಗೆ ಹರಿದುಬರುತ್ತದೆ, ಆಗ ದವಡೆ ಜಗ್ಗಿದ್ದು ಕಾಣುತ್ತದೆ. ಆ ಸ್ನಾಯುವಿಗೆ ಬೇರೆ ನರ, 5ನೆಯದು. ಮಿಡಿತದ ಮೊದಲ 1–2 ಮಿಲಿಸೆಕೆಂಡಿನಲ್ಲೇ ಬರುವ ಚೂಪು ಗೆರೆ ಕರೆಂಟಿನ ನೆರಳು, ಸ್ನಾಯುವಿನದಲ್ಲ.

ಚೂಪಾದ ಕತ್ತರಿಯಲ್ಲಿ ಸಣ್ಣ ಕವಲು ಒಂದೇ ಏಟಿಗೆ ತುಂಡಾದರೆ ಒಂದು ಚಿಕ್ಕ ಪಟ್ ಬರಬಹುದು, ಬರದೆಯೂ ಇರಬಹುದು. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಹತ್ತಿರ ಹೋದಂತೆಲ್ಲ ಪ್ರೋಬ್ ತಾಗಿಸುತ್ತ ಸಾಗುವುದೊಂದೇ ದಾರಿ.

ಹಂತ 7: ಸದ್ದು ಬರಬೇಕಾದಲ್ಲಿ ಬರದಿದ್ದರೆ

ನರ ಎದುರಿಗೇ ಕಾಣುತ್ತಿದೆ, ಪ್ರೋಬ್ ಇಟ್ಟರೆ ಸದ್ದಿಲ್ಲ. ಗಾಬರಿಯಿಂದ ಎಲ್ಲವನ್ನೂ ಒಟ್ಟಿಗೆ ಮುಟ್ಟಬೇಡಿ, ಈ ಅನುಕ್ರಮ ಹಿಡಿಯಿರಿ.

1. ವಾಲ್ಯೂಮ್ ಇದೆಯೇ, ಯಾರಾದರೂ ಕಾಲಡಿಯ ಕಾಟರಿ ಪೆಡಲ್ ಒತ್ತಿ ಹಿಡಿದಿದ್ದಾರೆಯೇ?
2. ಪರದೆಯಲ್ಲಿ ಹರಿದ ಕರೆಂಟ್ ಎಷ್ಟು? ಸೊನ್ನೆಯಾದರೆ ಪ್ರೋಬ್ ವೈರ್, ರಿಟರ್ನ್ ಸೂಜಿ ನೋಡಿ.
3. ಗಾಯದಲ್ಲಿ ರಕ್ತ, ಸಲೈನ್ ನಿಂತಿದೆಯೇ? ಸಕ್ಷನ್ ಮಾಡಿಸಿ.
4. ಮುಖ ನೋಡಿ. ಬಾಯಿಮೂಲೆ ಮಿಡಿಯುತ್ತಿದೆ, ಆದರೆ ಸದ್ದಿಲ್ಲ ಎಂದರೆ ತೊಂದರೆ ಸೂಜಿಯ ಕಡೆ: ಇಂಪಿಡೆನ್ಸ್ ಮತ್ತೆ ನೋಡಿ. ಮುಖವೂ ಮಿಡಿಯುತ್ತಿಲ್ಲ ಎಂದರೆ ಮುಂದಿನದಕ್ಕೆ ಹೋಗಿ.
5. ಟಿಒಎಫ್ ಎಷ್ಟು? ಕೊನೆಯ ಒಂದು ಗಂಟೆಯಲ್ಲಿ ಯಾವ ಔಷಧ ಹೋಗಿದೆ? 'ಏನೂ ಕೊಟ್ಟಿಲ್ಲ' ಎಂಬ ಉತ್ತರಕ್ಕೆ ನಿಲ್ಲದೆ ಅಳೆಯಲು ವಿನಂತಿಸಿ.
6. ಲಿಗ್ನೋಕೇನ್ ಆಳಕ್ಕೆ ಹೋಗಿರಬಹುದೇ?
7. ಇಷ್ಟೂ ಸರಿಯಿದ್ದರೆ ಮಾತ್ರ ಅದು ನರವೇ ಅಲ್ಲ, ಅಥವಾ ನರಕ್ಕೆ ಪೆಟ್ಟಾಗಿದೆ ಎಂಬ ಮಾತು. ಆಗ ಸರ್ಜನ್ ಪ್ರೋಬನ್ನು ಮುಂದಿನ ಕವಲುಗಳ ಕಡೆ ಇಟ್ಟು, ಎಲ್ಲಿಂದ ಸದ್ದು ಶುರುವಾಗುತ್ತದೆ ಎಂದು ನೋಡಿ ಪೆಟ್ಟಿನ ಜಾಗ ಗುರುತಿಸಬಹುದು.

ದವಡೆ ಕೆಳಗಿನ ಗ್ರಂಥಿಯಾದರೆ

ಸಬ್‌ಮ್ಯಾಂಡಿಬ್ಯುಲರ್ ಗ್ರಂಥಿ ತೆಗೆಯುವಾಗ ಅಪಾಯ ಇರುವುದು ಮುಖ್ಯವಾಗಿ ಕೆಳತುಟಿಯ ಕವಲಿಗೆ. ಕೆಳತುಟಿ ಮತ್ತು ಗದ್ದದ ಸೂಜಿ ಸಾಕು, ಉಳಿದ ತಪಾಸಣೆ ಅದೇ. ನಾಲಿಗೆಯ ಸ್ಪರ್ಶದ ನರ ಇದೇ ಜಾಗದಲ್ಲಿ ಇದ್ದರೂ ಈ ಮಾನಿಟರ್ ಅದನ್ನು ಕಾಯುವುದಿಲ್ಲ. ಪೆರೋಟಿಡ್‌ನಲ್ಲಿ ಕಿವಿಹಾಲೆಗೆ ಸ್ಪರ್ಶ ಕೊಡುವ ನರವನ್ನೂ ಹಾಗೆಯೇ. ಅವು ಸ್ನಾಯುವಿಗೆ ಹೋಗುವ ನರಗಳಲ್ಲ, ಇಎಂಜಿಗೆ ಸಿಗವು.

ಹಂತ 8: ಮುಚ್ಚುವ ಮೊದಲು, ಮುಚ್ಚಿದ ಮೇಲೆ

ಗಡ್ಡೆ ಹೊರಬಂದ ಮೇಲೆ, ಹೊಲಿಗೆಗೆ ಮೊದಲು, ಕಾಂಡಕ್ಕೆ ಪ್ರೋಬ್ ಇಡಿಸಿ. ಜಾಗ ಮುಖ್ಯ: ಆಪರೇಷನ್ ಮಾಡಿದ ಭಾಗಕ್ಕಿಂತ ಹಿಂದೆ, ನರ ಎಲುಬಿನಿಂದ ಹೊರಬರುವ ತುದಿಯಲ್ಲಿ. ನರ ನಡುವೆ ತುಂಡಾಗಿದ್ದರೂ, ತುಂಡಾದ ಜಾಗದಿಂದ ಮುಂದಿನ ಭಾಗ ಸುಮಾರು 3 ದಿನ ಪ್ರೋಬ್‌ಗೆ ಸ್ಪಂದಿಸುತ್ತಲೇ ಇರುತ್ತದೆ. ಕೆನ್ನೆಯ ಕವಲಿಗೆ ಪ್ರೋಬ್ ಇಟ್ಟು ಟಕ್ ಟಕ್ ಕೇಳಿ ಸಮಾಧಾನಪಟ್ಟರೆ ಮೋಸಹೋದಂತೆ. ಕಾಂಡದಲ್ಲಿ 0.5 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಕಡಿಮೆಗೆ ಎಲ್ಲ ಚಾನೆಲ್‌ಗಳೂ ಸ್ಪಂದಿಸಿದರೆ ಒಳ್ಳೆಯ ಲಕ್ಷಣ. ನರ ಮೊದಲು ಸಿಕ್ಕಾಗಿನ ಅಲೆಯ ಎತ್ತರವನ್ನು ಬರೆದಿಟ್ಟಿದ್ದರೆ ಈಗ ಹೋಲಿಸಬಹುದು, ಪರದೆಯ ಚಿತ್ರವನ್ನೂ ಉಳಿಸಿ.

ಡ್ರೇಪ್ ತೆಗೆದ ಮೇಲೆ ಸೂಜಿ ಕೀಳಿ, ಎಣಿಸಿ, ಬೋರ್ಡಿನ ಲೆಕ್ಕಕ್ಕೆ ತಾಳೆ ನೋಡಿ, ನೇರ ಬಿಳಿಯ ಚುಚ್ಚುನಿರೋಧಕ ಡಬ್ಬಿಗೆ. ಪ್ಲಾಸ್ಟರ್ ಜೊತೆ ಸುತ್ತಿ ಹಳದಿ ಚೀಲಕ್ಕೆ ಹೋದ ಸೂಜಿ ಕಸ ಎತ್ತುವವರ ಕೈಗೆ ಚುಚ್ಚುತ್ತದೆ.

ರೋಗಿ ಪೂರ್ತಿ ಎಚ್ಚರಾದ ಮೇಲೆ ಹಿಂದಿನ ದಿನದ ಐದೂ ಕೆಲಸ ಮಾಡಿಸಿ. ಬಿಗಿ ಬ್ಯಾಂಡೇಜ್ ತುಟಿಯನ್ನು ಎಳೆದು ಸೊಟ್ಟಗೆ ಕಾಣಿಸಬಹುದು, ಅದನ್ನು ಗಮನದಲ್ಲಿಡಿ. ಕಣ್ಣು ಪೂರ್ತಿ ಮುಚ್ಚದಿದ್ದರೆ ಡಾಕ್ಟರರ ಆರ್ಡರ್ ಆ ಕ್ಷಣವೇ ಪಡೆಯಿರಿ: ಸಾಮಾನ್ಯವಾಗಿ ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಪಟ್ಟಿ. ಬೆಳಗಿನ ರೌಂಡ್ಸ್‌ಗೆ ಕಾಯುವುದು ಬೇಡ, ಒಂದು ರಾತ್ರಿ ಒಣಗಿದರೆ ಕಣ್ಣಿನ ಕರಿಗುಡ್ಡೆಗೆ ಹುಣ್ಣಾಗಬಹುದು. ಕಾಂಡ ಕೊನೆಯಲ್ಲಿ ಸ್ಪಂದಿಸಿದ್ದು, ದೌರ್ಬಲ್ಯ ಅಲ್ಪವಾಗಿದ್ದರೆ ವಾರಗಳಿಂದ ಕೆಲವು ತಿಂಗಳಲ್ಲಿ ಮರಳುವುದೇ ಹೆಚ್ಚು. ಮನೆಯವರಿಗೆ ಇದನ್ನು ಸರ್ಜನ್ ಹೇಳಲಿ. ಕಾಂಡ ಸ್ಪಂದಿಸಿರಲಿಲ್ಲ, ಮುಖದ ಒಂದು ಬದಿ ಪೂರ್ತಿ ಅಲುಗುತ್ತಿಲ್ಲ ಎಂದರೆ ಅದೇ ದಿನ ಸರ್ಜನ್‌ಗೆ ತಿಳಿಸಿ. ಮತ್ತೆ ತೆರೆದು ನೋಡುವುದಾದರೆ ಮುಂದಿನ ತುದಿ ಪ್ರೋಬ್‌ಗೆ ಸ್ಪಂದಿಸುವ ಆ 3 ದಿನದೊಳಗೇ ಹುಡುಕುವುದು ಸುಲಭ.

ಕೇಸ್ ಪೇಪರಿನಲ್ಲಿ 'ಮಾನಿಟರ್ ಬಳಸಲಾಗಿದೆ' ಎಂದು ಒಂದೇ ಸಾಲು ಬರೆದರೆ ಯಾರಿಗೂ ಉಪಯೋಗವಿಲ್ಲ. ಮಾದರಿಗೆ, ಇಷ್ಟಾದರೂ ಇರಲಿ: 'ಬಲ ಪೆರೋಟಿಡ್. 4 ಚಾನೆಲ್, ಇಂಪಿಡೆನ್ಸ್ ಎಲ್ಲ 5 ಕಿಲೋಓಮ್ ಒಳಗೆ, ಟ್ಯಾಪ್ ಸರಿ. ರೋಕುರೋನಿಯಂ 9.10ಕ್ಕೆ ಒಂದೇ ಡೋಸ್. 10.20ಕ್ಕೆ ಟಿಒಎಫ್ 4ಕ್ಕೆ 4. ಕಾಂಡ 10.35ಕ್ಕೆ 0.5 ಮಿಲಿಆಂಪಿಯರ್‌ಗೆ ಸ್ಪಂದನೆ. 11.15ಕ್ಕೆ ಕೆಳತುಟಿ ಚಾನೆಲ್‌ನಲ್ಲಿ ಟ್ರೇನ್, ರಿಟ್ರಾಕ್ಟರ್ ಸಡಿಲಿಸಿದ ಮೇಲೆ ನಿಂತಿತು. ಮುಚ್ಚುವ ಮೊದಲು ಕಾಂಡದಲ್ಲಿ 0.5ಕ್ಕೆ ನಾಲ್ಕೂ ಚಾನೆಲ್ ಸ್ಪಂದನೆ. ಸೂಜಿ ಹಾಕಿದ್ದು 10, ತೆಗೆದದ್ದು 10.'